ಕೆರೆದಂಡೆಯ ಆಪು

ನಮ್ಮ ಸೀಮೆಯ ಕೆರೆಗಳ ಬಗ್ಗೆ ಬರೆದವರು ಏರಿಯ ಬಗ್ಗೆ ಬರೆದಿದ್ದಾರೆ, ತೂಬು ಕೋಡಿಗಳ ಬಗ್ಗೆ ಬರೆದಿದ್ದಾರೆ, ಕಟ್ಟಿಸಿದ ದಂಡನಾಯಕರ ಬಿರುದುಗಳನ್ನೂ ಬಿಡದೆ ಬರೆದಿದ್ದಾರೆ. ನೀರೂ ನೆಲವೂ ಕೂಡುವ ಆ ಹತ್ತಿಪ್ಪತ್ತು ಮೊಳದ ಕೆಸರು ದಂಡೆಯ ಬಗ್ಗೆ, ಅಲ್ಲಿ ಬೆಳೆಯುತ್ತಿದ್ದ ಆಪಿನ ಬಗ್ಗೆ ಯಾರಾದರೂ ನಾಲ್ಕು ಸಾಲು ಬರೆದದ್ದನ್ನು ನಾನು ಓದಿಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾದವನು ನಾನು. ಹುಟ್ಟಿದ್ದು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲೂಕಿನಲ್ಲಿ, ತಾಯಿಯ ತವರು ಕುಷ್ಟಗಿ ಕಡೆ, ನೌಕರಿಯ ಬಹುಪಾಲು ಕಳೆದದ್ದು ಗಂಗಾವತಿಯ ಸುತ್ತಮುತ್ತ. ಮೂರೂ ಕಡೆ ಆಪು ಕಂಡಿದ್ದೇನೆ. ಮೂರೂ ಕಡೆ ಅದಕ್ಕೆ ಬೇರೆ ಬೇರೆ ಗತಿಯಾಯಿತು. ಈಗ ಊರಿಗೆ ಮರಳಿ, ನಮ್ಮ ಹೊಲದ ಮಗ್ಗುಲಿನ ಗೋಕಟ್ಟೆಯ ದಂಡೆಗೆ ಅದನ್ನೇ ನೆಟ್ಟು ಬೆಳೆಸುತ್ತಿದ್ದೇನೆ. ಕಳೆಯನ್ನು ಯಾಕೆ ಸಾಕುತ್ತೀರಿ ಎಂದು ಕೇಳುವವರಿಗೆ ನಿಂತ ನಿಲುವಿನಲ್ಲಿ ಉತ್ತರ ಹೇಳಲಾಗುವುದಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಪು ಅಂದರೆ ಆಳೆತ್ತರಕ್ಕೂ ಮೀರಿ ಬೆಳೆಯುವ ನೀರಹುಲ್ಲು. ಕೆಲವರು ಜಂಬು ಅನ್ನುತ್ತಾರೆ, ಇನ್ನು ಕೆಲವು ಕಡೆ ಆನೆಜೊಂಡು. ಗಡ್ಡೆ ಕೆಸರಲ್ಲಿ, ಬುಡ ನೀರಲ್ಲಿ, ಎಲೆ ಬಿಸಿಲಲ್ಲಿ. ನಟ್ಟನಡುವೆ ಒಂದು ದಂಟು, ಅದರ ತುದಿಗೆ ಕಂದುಬಣ್ಣದ ಉದ್ದ ತೆನೆ. ತೆನೆ ಒಣಗಿ ಬಿರಿದಾಗ ಹತ್ತಿಯಂಥ ತುಪ್ಪಳು ಗಾಳಿಗೆ ಹಾರುತ್ತದೆ. ಒಂದೊಂದು ತೆನೆಯಲ್ಲಿ ಲಕ್ಷಕ್ಕೂ ಹೆಚ್ಚು ಬೀಜ. ಎಲೆಯನ್ನು ಅಡ್ಡಡ್ಡ ಕೊಯ್ದು ಬಿಸಿಲಿಗೆ ಹಿಡಿದು ನೋಡಿ: ಒಳಗೆಲ್ಲ ಗೂಡುಗೂಡು, ಗಾಳಿ ತುಂಬಿದ ಸಣ್ಣ ಸಣ್ಣ ಕೋಣೆಗಳ ಸಾಲು. ಗಾಳಿಯಾಡದ ಕೆಸರಿನಲ್ಲಿ ಹುದುಗಿದ ಗಡ್ಡೆಗೆ ಉಸಿರು ಇಳಿಯುವುದು ಈ ಕೋಣೆಗಳ ದಾರಿಯಿಂದ. ಎಲೆ ಒಣಗಿದ ಮೇಲೂ ದೇಹದ ಭಾರಕ್ಕೆ ಮೆತ್ತಗೆ ಒತ್ತಿಕೊಳ್ಳುವುದು, ಚಳಿಗಾಲದಲ್ಲಿ ನೆಲದ ತಂಪನ್ನು ಬೆನ್ನಿಗೆ ತಾಗಗೊಡದಿರುವುದು ಇದೇ ಕಾರಣಕ್ಕೆ. ಚಾಪೆಗೆ ಹೇಳಿ ಮಾಡಿಸಿದ ಎಲೆ.

ನಮ್ಮದು ಮಳೆಗೆ ಬಡವಾದ ಸೀಮೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು, ಅದನ್ನೂ ನೆಚ್ಚುವಂತಿಲ್ಲ. ತುಂಗಭದ್ರೆ ಹರಿಯುವುದು ಕೊಪ್ಪಳ, ಗಂಗಾವತಿ ತಾಲೂಕುಗಳ ತೆಂಕಣ ಅಂಚಿನಲ್ಲಿ ಮಾತ್ರ. ಕುಷ್ಟಗಿ, ಯಲಬುರ್ಗಾದವರಿಗೆ ಕೆರೆಯೇ ಹೊಳೆ, ಹಳ್ಳವೇ ಗಂಗೆ. ಇಂದಿನ ಯಲಬುರ್ಗಾ ಶಾಸನಗಳಲ್ಲಿ ಎರಂಬರಗೆ. ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಸಿಂದರ ಒಂದು ಶಾಖೆಗೆ ರಾಜಧಾನಿ. ಸಮೀಪದ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿಯ ಮಗ್ಗುಲಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಪುಷ್ಕರಣಿ ಇದೆ. ಅದು ದೇವರ ನೀರು. ಸುತ್ತ ಕಲ್ಲು, ಆಪು ಊರಲು ಒಂದು ಗೇಣು ಕೆಸರಿಲ್ಲ. ಜನರ ನೀರು ಊರ ಹೊರಗಿನ ಮಣ್ಣಿನ ಕೆರೆಯಲ್ಲಿತ್ತು. ಮೂರು ಕಡೆ ಇಳಿಜಾರು ದಂಡೆ, ಒಂದು ಕಡೆ ಏರಿ. ಆಪು ಬೆಳೆದದ್ದು ಆ ಇಳಿಜಾರಿನಲ್ಲಿ.

ಆ ಕಾಲದ ಜನ ದಂಡೆಯನ್ನು ಬರಿದೆ ಬಿಡುತ್ತಿರಲಿಲ್ಲ ಎನ್ನಲು ಪುಸ್ತಕದ ಆಧಾರವೂ ಉಂಟು. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯ ನೀರಿನ ಅಧ್ಯಾಯದಲ್ಲಿ ಕೆರೆಯ ದಡಕ್ಕೆ ಮತ್ತಿ, ಆಲ, ಮಾವು, ಕದಂಬ, ನೇರಳೆ, ವೇತಸಗಳ ನೆರಳಿರಬೇಕು ಎಂದು ಹೆಸರಿಟ್ಟು ಹೇಳುತ್ತಾನೆ. ಹನ್ನೊಂದನೆಯ ಶತಮಾನದಲ್ಲಿ ನಮ್ಮದೇ ಚಾಲುಕ್ಯ ರಾಜ್ಯದಲ್ಲಿ ಕುಳಿತು ಕನ್ನಡದಲ್ಲಿ ಲೋಕೋಪಕಾರ ಬರೆದ ಚಾವುಂಡರಾಯ ನೀರು ಹುಡುಕುವ ವಿದ್ಯೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಯಾವ ಗಿಡ ಎಲ್ಲಿದ್ದರೆ ನೀರು ಎಷ್ಟು ಆಳದಲ್ಲಿ ಎಂಬ ಲೆಕ್ಕ ಅದು. ಗಿಡಕ್ಕೂ ನೀರಿಗೂ ಇರುವ ನಂಟನ್ನು ಓದಬಲ್ಲವರು ಆಗ ಇದ್ದರು. ಕೆರೆಯ ಉಸ್ತುವಾರಿಗೆಂದು ಬಿಟ್ಟ ಭೂಮಿಗೆ, ಹುಟ್ಟುವಳಿಯ ಪಾಲಿಗೆ ಬಿತ್ತುವಟ್ಟ ಎಂಬ ಹೆಸರಿತ್ತು. 1369ರ ಪೋರುಮಾಮಿಳ್ಳ ಶಾಸನ, ವಿಜಯನಗರದ ರಾಜಕುಮಾರ ಭಾಸ್ಕರ ಕಡಪ ಸೀಮೆಯಲ್ಲಿ ಕೆರೆ ಕಟ್ಟಿಸಿದಾಗ ಬರೆಸಿದ್ದು, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಎಣಿಸುತ್ತದೆ. ಕೆರೆಯ ನಡುವೆ ನೆಲ ಉಬ್ಬಿರುವುದು ಆ ದೋಷಗಳಲ್ಲೊಂದು. ಹೂಳು ತುಂಬಿ ನಡು ಎತ್ತರವಾದ ನಮ್ಮ ಇಂದಿನ ಕೆರೆಗಳನ್ನು ಕಂಡಾಗಲೆಲ್ಲ ನನಗೆ ಆ ಶಾಸನ ನೆನಪಾಗುತ್ತದೆ.

ಯಾಕೆಂದರೆ ಆಪಿನ ಕಥೆಯ ಕೀಲು ಇರುವುದು ಅಲ್ಲೇ. ಆಪು ಸೊಂಟದುದ್ದ, ಹೆಚ್ಚೆಂದರೆ ಎದೆಯುದ್ದ ನೀರಿನ ತನಕ ಹೋಗುತ್ತದೆ. ಅದಕ್ಕಿಂತ ಆಳಕ್ಕೆ ಇಳಿಯಲಾರದು. ನಡು ಆಳವಾಗಿದ್ದ ಕೆರೆಯಲ್ಲಿ ಅದು ತಾನಾಗಿ ದಂಡೆಗೆ ನಿಲ್ಲುತ್ತಿತ್ತು. ಹೂಳು ತೆಗೆಯುವುದು ನಿಂತು ಕೆರೆ ತಟ್ಟೆಯಾದಾಗ ಅದಕ್ಕೆ ಎಲ್ಲೆಲ್ಲೂ ದಂಡೆಯೇ ಸಿಕ್ಕಿತು. ಕೆರೆ ತುಂಬ ಆಪು ಹಬ್ಬಿತು ಎಂದು ನಾವು ದೂರುತ್ತೇವೆ. ಕೆರೆ ಮೊದಲು ಸತ್ತಿತು, ಆಪು ಆಮೇಲೆ ಹಬ್ಬಿತು. ಅನುಕ್ರಮ ಹೀಗಿದೆ.

ಇನ್ನು ಕುಡುಗೋಲಿನ ಮಾತು. ನನ್ನ ಆಯಿ, ತಾಯಿಯ ತಾಯಿ, ಕುಷ್ಟಗಿ ಕಡೆಯ ಒಂದು ಹಳ್ಳಿಯವಳು. ನಿಜಾಮರ ಆಳ್ವಿಕೆ ಕಂಡವಳು. ಆಗ ಕೊಪ್ಪಳ, ಯಲಬುರ್ಗಾ ಸೀಮೆ ಸಾಲಾರ್ ಜಂಗ್ ಮನೆತನದ ಜಹಗೀರು. 1948ರ ಸೆಪ್ಟೆಂಬರಿನಲ್ಲಿ ನಿಜಾಮಶಾಹಿ ಮುಗಿಯುವ ತನಕ ನಮ್ಮ ಹಿರಿಯರು ಕಾಗದಪತ್ರ ಉರ್ದುವಿನಲ್ಲಿ ಕಂಡರು, ಕೆರೆ ಮಾತ್ರ ಕನ್ನಡದಲ್ಲಿ ನಡೆಸಿಕೊಂಡರು. ಆಯಿಯ ಊರಲ್ಲಿ ದೀಪಾವಳಿ ಮುಗಿದ ಮೇಲೆ ಹಿರಿಯರು ಕೆರೆ ಏರಿಯ ಮೇಲೆ ಕೂತು ಆಪಿನ ಲಿಲಾವು ಕೂಗುತ್ತಿದ್ದರು. ದಂಡೆಯನ್ನು ಗೂಟ ಬಡಿದು ಪಾಲು ಮಾಡಿ, ಪಾಲಿಗೊಬ್ಬರಿಗೆ. ಬಂದ ದುಡ್ಡು ತೂಬಿನ ರಿಪೇರಿಗೆ, ಉಳಿದದ್ದು ಹನುಮಪ್ಪನ ಗುಡಿಗೆ. ನಾನು ಹುಡುಗನಾಗಿದ್ದಾಗ, ಅರವತ್ತರ ದಶಕದ ಕೊನೆಗೆ, ಇದು ಇನ್ನೂ ನಡೆದಿತ್ತು. ಒಬ್ಬರು ಚಾಪೆಗೆ ಹಿಡಿಯುತ್ತಿದ್ದರು, ಒಬ್ಬರು ಗುಡಿಸಲಿನ ಹೊದಿಕೆಗೆ, ಒಬ್ಬರು ಸವಾರಿ ಬಂಡಿಯ ಕಮಾನಿಗೆ. ಎಲೆತೋಟದವರು ದೂರದಿಂದ ಬಂದು ಒಯ್ಯುತ್ತಿದ್ದರು. ಎಲೆಬಳ್ಳಿಯನ್ನು ಆಸರೆ ಮರಕ್ಕೆ ಕಟ್ಟಲು ಆಪಿನ ಸೀಳಿಗಿಂತ ಮೆತ್ತನೆಯದಿಲ್ಲ; ಬಳ್ಳಿ ಕೊಯ್ದುಹೋಗುವುದಿಲ್ಲ, ತನ್ನ ಕಾಲ ಮುಗಿದ ಮೇಲೆ ಅಲ್ಲೇ ಮಣ್ಣಾಗುತ್ತದೆ.

ಕೊಯ್ಲಿಗೆ ಆಯಿ ನನ್ನನ್ನು ಕರೆದೊಯ್ಯುತ್ತಿದ್ದಳು. ಸೀರೆ ಕಚ್ಚೆ ಹಾಕಿ ಮೊಳಕಾಲುದ್ದ ನೀರಿಗೆ ಇಳಿದು ಎಡಗೈಯಲ್ಲಿ ಒಂದು ಹಿಡಿ ಬಳಸಿ ಹಿಡಿದು ಬಲಗೈಯ ಕುಡುಗೋಲನ್ನು ಓರೆಯಾಗಿ ಎಳೆಯುತ್ತಿದ್ದಳು. ನಾನು ಬೇಗ ಮುಗಿಸುವ ಆಸೆಗೆ ನೀರೊಳಗೆ ಕೈ ಇಳಿಸಿ ಬುಡದಿಂದ ಕೊಯ್ಯಲು ಹೋದರೆ ಕೂಗುತ್ತಿದ್ದಳು. “ನೀರಿನ ಮ್ಯಾಲ ನಾಕ ಬಟ್ಟ ಬಿಟ್ಟು ಕೊಯ್ಯೋ ತಮ್ಮಾ. ನೀರಾಗ ಮುಣಗಿಸಿ ಕೊಯ್ದಿ ಅಂದ್ರ ಅದರ ಗಂಟಲ ಹಿಚಕಿದಂಗ.” ಆಯಿ ಹೇಳಿದ ಗಂಟಲು ಯಾವುದು ಎಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ, ಸಸ್ಯಶಾಸ್ತ್ರ ಕಲಿಸುವ ಸಹೋದ್ಯೋಗಿಯೊಬ್ಬರು ಎಲೆ ಸೀಳಿ ಗಾಳಿಯ ಕೋಣೆಗಳನ್ನು ತೋರಿಸಿದಾಗ. ನೀರಿನ ಮೇಲೆ ಮೋಟು ಉಳಿದರೆ ಅದರ ಮೂಲಕ ಗಡ್ಡೆಗೆ ಉಸಿರು. ಮುಂದಿನ ಮಳೆಗೆ ಮತ್ತೆ ಚಿಗುರು. ನೀರೊಳಗೆ ಕೊಯ್ದರೆ ಆ ಕೋಣೆಗಳಿಗೆ ನೀರು ನುಗ್ಗಿ ಗಡ್ಡೆ ಉಸಿರುಕಟ್ಟಿ ಕೊಳೆಯುತ್ತದೆ. ಇಂದು ಜಗತ್ತಿನ ಬೇರೆ ಬೇರೆ ಕಡೆ ಆಪು ಅತಿಯಾದ ಜಾಗದಲ್ಲಿ ಅದನ್ನು ಹದ್ದಿಗೆ ತರಲು ಬಳಸುವ ಉಪಾಯವೂ ಇದೇ: ವಿಷ ಹೊಡೆಯದೆ ನೀರಿನ ಮಟ್ಟಕ್ಕಿಂತ ಕೆಳಗೆ ಕೊಯ್ಯುವುದು. ಬೇಕಾದಲ್ಲಿ ಉಳಿಸಲೂ ಬೇಡದಲ್ಲಿ ಅಳಿಸಲೂ ಒಂದೇ ಕುಡುಗೋಲು ಸಾಕಿತ್ತು. ನಾಲ್ಕು ಬೆರಳಿನ ಅಂತರ ತಿಳಿದಿದ್ದರೆ ಆಯಿತು.

ಕೊಯ್ದದ್ದನ್ನು ದಂಡೆಯಲ್ಲಿ ತೆಳ್ಳಗೆ ಹರವಿ ಒಣಗಿಸಬೇಕು. ಹಸಿರು ಪೂರ್ತಿ ಹೋಗುವ ಮೊದಲೇ ನೆರಳಿಗೆ ತೆಗೆಯಬೇಕು. ಹೆಚ್ಚು ಒಣಗಿದರೆ ಹೆಣೆಯುವಾಗ ಮುರಿಯುತ್ತದೆ. ಹೆಣೆಯುವ ಹಿಂದಿನ ರಾತ್ರಿ ನೀರು ಚಿಮುಕಿಸಿ ಗೋಣಿ ಮುಚ್ಚಿಟ್ಟರೆ ಬೆಳಿಗ್ಗೆಗೆ ಹದ. ಆಯಿ ಅಂಗಳದಲ್ಲಿ ಕಾಲು ಚಾಚಿ ಕೂತು ಎರಡೆರಡು ಎಲೆ ಸೇರಿಸಿ ಓರೆ ಹೆಣಿಗೆ ಹೆಣೆಯುತ್ತಿದ್ದಳು. ಅಂಚು ಮಡಚುವುದು ಮಾತ್ರ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಬಾಣಂತಿಗೆ ಹೊಸ ಚಾಪೆ, ಮದುವೆಗೆ ಹೊಸ ಚಾಪೆ, ಹೆಣ ಹೊರಗೆ ಹಾಕಲೂ ಚಾಪೆ.

ಗಂಗಾವತಿಯ ಕಥೆ ಬೇರೆ. ಅಲ್ಲಿ ನೀರಿಗೆ ಬರವಿಲ್ಲ. ವಿಜಯನಗರದ ಅರಸರು ತುಂಗಭದ್ರೆಗೆ ಅಡ್ಡಕಟ್ಟೆ ಹಾಕಿ ತೆಗೆದ ಹುಲಗಿ, ಶಿವಪುರ, ಆನೆಗುಂದಿ, ಗಂಗಾವತಿ ಮೇಲ್ಕಾಲುವೆ, ಕೆಳಕಾಲುವೆಗಳು ಶತಮಾನಗಳಿಂದ ಹೊಳೆಯ ಎಡದಂಡೆಯ ಬಾಳೆ, ಕಬ್ಬು, ಭತ್ತಕ್ಕೆ ನೀರುಣಿಸುತ್ತ ಬಂದಿವೆ. ಮಣ್ಣಿನ ಕಾಲುವೆ ಎಂದರೆ ಸೋರುವ ಕಾಲುವೆ. ಸೋರಿದಲ್ಲೆಲ್ಲ ಆಪು, ಜೇಕು, ಹೊನಗೊನ್ನೆ, ಒಂದೆಲಗ. ಆಮೇಲೆ ಬಂತು ದೊಡ್ಡ ಅಣೆಕಟ್ಟು. 1945ರ ಫೆಬ್ರವರಿ 28ರಂದು ಹೊಳೆಯ ಆಚೆ ಮದ್ರಾಸಿನ ಗವರ್ನರ್, ಈಚೆ ನಿಜಾಮರ ಹಿರಿಯ ಮಗ ಅಡಿಗಲ್ಲು ಹಾಕಿದರು. 1953ರಲ್ಲಿ ನೀರು ಕಾಲುವೆಗೆ ಹರಿಯಿತು. ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು 227 ಕಿ.ಮೀ. ಓಡುತ್ತದೆ. ಆಂಧ್ರದಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು, ಜೋಳ ಸಜ್ಜೆಯ ನೆಲ ಎರಡು ಬೆಳೆ ಭತ್ತದ ನೆಲವಾಯಿತು, ಗಂಗಾವತಿಗೆ ಭತ್ತದ ಕಣಜ ಎಂಬ ಹೆಸರು ಬಂತು. ಇದರಿಂದ ಎಷ್ಟೋ ಮನೆಗಳಿಗೆ ಅನ್ನ ಸಿಕ್ಕಿತು. ಅದನ್ನು ಹಗುರಾಗಿ ಆಡಬಾರದು.

ಆದರೆ ನೀರು ಹರಿಸಿದಷ್ಟು ಶ್ರದ್ಧೆಯಿಂದ ನೀರು ಬಸಿಯುವ ದಾರಿ ಮಾಡಲಿಲ್ಲ. ತಗ್ಗಿನ ಹೊಲಗಳಲ್ಲಿ ಜೌಗು ನಿಂತಿತು, ಸವಳು ಮೇಲೆದ್ದಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ನೆಲದ ಮೇಲೆಯೇ ಕೆಲಸ ಮಾಡುತ್ತ ಬಂದಿರುವುದು ಈ ಕಾರಣಕ್ಕೆ. ಬಸಿಗಾಲುವೆಗಳ ಉದ್ದಕ್ಕೂ, ಬೆಳೆ ಬಿಟ್ಟ ಸವಳು ಹೊಲಗಳಲ್ಲೂ ಆಪು ನುಗ್ಗಿತು. ಉಪ್ಪನ್ನೂ ಸಹಿಸುವ ಹುಲ್ಲು ಅದು. ಕೊಯ್ಯುವವರು ಯಾರೂ ಇರಲಿಲ್ಲ. ಭತ್ತದ ನಾಟಿಗೆ ಕೂಲಿ ಹೆಚ್ಚು. ಎಂಬತ್ತು ತೊಂಬತ್ತರ ದಶಕದಲ್ಲಿ ಸಂತೆಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಚಾಪೆ ಬಂತು. ಒಂದೇ ತಲೆಮಾರಿನಲ್ಲಿ ಆಪು ಬೆಳೆಯ ಪಟ್ಟಿಯಿಂದ ಕಳೆಯ ಪಟ್ಟಿಗೆ ಇಳಿಯಿತು. ನನ್ನ ಶಾಲೆಯ ಹುಡುಗರಿಗೆ ಅದು ಕಾಲುವೆ ಕಟ್ಟುವ, ಹಾವು ಅಡಗುವ ಹೊಲಸು ಹುಲ್ಲು. ಅವರ ಅಜ್ಜಿಯರು ಮಲಗಿದ್ದು ಅದರ ಮೇಲೆ ಎಂದು ಹೇಳಿದರೆ ನಂಬುತ್ತಿರಲಿಲ್ಲ.

ಹೊಳೆಯಲ್ಲಿ ಮಾತ್ರ ಅದಕ್ಕೆ ಒಂದು ಬಗೆಯ ರಕ್ಷಣೆ ಸಿಕ್ಕಿದೆ. ಆಪಿಗೆಂದು ಕೊಟ್ಟದ್ದಲ್ಲ, ನೀರುನಾಯಿಗೆಂದು ಕೊಟ್ಟದ್ದು. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರಕಾರ ಘೋಷಿಸಿತು. ಆನೆಗುಂದಿಯ ಬಂಡೆಗಳ ನಡುವಿನ ನಡುಗಡ್ಡೆಗಳಲ್ಲಿ, ಆಪು ಜೇಕಿನ ಪೊದೆಗಳ ಮರೆಯಲ್ಲಿ ನೀರುನಾಯಿಗಳು ಮರಿ ಮಾಡುತ್ತವೆ. ಬೆಳಿಗ್ಗೆ ಹೊತ್ತು ಸುಮ್ಮನೆ ಕೂತರೆ ಇನ್ನೂ ಬೇಕಾದಷ್ಟು ಕಾಣುತ್ತದೆ. ನೇರಳೆ ಜಂಬುಕೋಳಿ ಆಪಿನ ಎಳೆ ಕುಡಿಯನ್ನು ಕಾಲಲ್ಲಿ ಹಿಡಿದು ಕೊಕ್ಕಿನಿಂದ ಸಿಪ್ಪೆ ಸುಲಿದು ತಿನ್ನುತ್ತದೆ, ಮಕ್ಕಳು ಕಬ್ಬು ತಿಂದ ಹಾಗೆ. ಗೆರೆ ಗೀಜಗ ತನ್ನ ಗೂಡನ್ನು ಆಪಿನ ಎಲೆಗಳನ್ನೇ ಕೂಡಿಸಿ ಹೆಣೆಯುತ್ತದೆ. ನೀರು ಇಳಿದಾಗ ಬುಡದ ಕೆಸರಿನಲ್ಲಿ ಮೀನಿನ ಮರಿಗಳು.

ಇನ್ನು ಈಚಿನ ಅಧ್ಯಾಯ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಮುಂದೆ ನಿಂತು ಹಿರೇಹಳ್ಳವನ್ನು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ ಸ್ವಚ್ಛ ಮಾಡಿಸಿದರು. ಸ್ವಾಮಿಗಳು ತಾವೇ ಹಳ್ಳಕ್ಕಿಳಿದದ್ದನ್ನು ಕಂಡು ಊರೂರು ಇಳಿದವು. ಅದರ ಬೆನ್ನಿಗೆ ಕುಷ್ಟಗಿ ತಾಲೂಕಿನ ನಿಡಶೇಸಿ ಕೆರೆಯ ಹೂಳು ತೆಗೆದರು, ಆಮೇಲೆ ಗಿಣಿಗೇರಾ ಕೆರೆಯದು. ಬಿತ್ತುವಟ್ಟ ಮರೆತುಹೋದ ನಾಡಿನಲ್ಲಿ ಜನ ತಮ್ಮ ದುಡ್ಡು ಹಾಕಿ ಕೆರೆ ತೋಡಿದ್ದು ಸಣ್ಣ ಸಂಗತಿಯಲ್ಲ. ನಾನು ಅದನ್ನು ನಮ್ಮ ಜಿಲ್ಲೆಯ ಇತಿಹಾಸದ ದೊಡ್ಡ ಪುಟವೆಂದೇ ಎಣಿಸುತ್ತೇನೆ. ಹೂಳು ತೆಗೆಯದೆ ಗತಿಯಿಲ್ಲ ಎನ್ನಲು ತುಂಗಭದ್ರಾ ಜಲಾಶಯವೇ ಸಾಕ್ಷಿ: ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105 ಟಿಎಂಸಿ ಹಿಡಿಯುತ್ತದೆ.

ನಾನು ಹೇಳಬೇಕಾದ್ದು ಹೂಳು ತೆಗೆದ ಮರುದಿನದ ಕೆಲಸದ ಬಗ್ಗೆ. ಜಿಲ್ಲೆಯಲ್ಲಿ ಎಷ್ಟೋ ಸಣ್ಣ ಕೆರೆ ಕಟ್ಟೆಗಳಲ್ಲಿ ಹಿಟಾಚಿ ಇಳಿಸಿ ಗೋಡೆ ಕೊಯ್ದಂತೆ ದಂಡೆಯನ್ನು ನೆಟ್ಟಗೆ ಕೊಯ್ಯುತ್ತಾರೆ. ನೆಟ್ಟಗಿನ ದಂಡೆಯಲ್ಲಿ ಯಾವ ಗಿಡವೂ ನಿಲ್ಲದು. ಮೊದಲ ದೊಡ್ಡ ಮಳೆಗೆ ಆ ಗೋಡೆ ಕುಸಿದು ತೆಗೆದ ಹೂಳು ಒಳಗೇ ಬೀಳುತ್ತದೆ. ಖಾಲಿ ಕೆಸರಿಗೆ ಬೇಶರಂ ಗಿಡ, ಬಳ್ಳಾರಿ ಜಾಲಿ ಮೊದಲು ಬರುತ್ತವೆ. ಇವೆರಡೂ ಹೊರಗಿನಿಂದ ಬಂದವು. ಇವುಗಳ ಬುಡದಲ್ಲಿ ಜಂಬುಕೋಳಿ ಗೂಡು ಕಟ್ಟಿದ್ದನ್ನು ನಾನು ಕಂಡಿಲ್ಲ. ಕುಷ್ಟಗಿ, ಯಲಬುರ್ಗಾದ ಹೊಲಗಳಲ್ಲಿ 2014ರಿಂದ ಕೃಷಿಭಾಗ್ಯ ಯೋಜನೆಯಲ್ಲಿ ಎಷ್ಟೊಂದು ಕೃಷಿಹೊಂಡಗಳಾದವು. ಬೆಳೆಗೆ ಅವು ಆಸರೆ, ಸಂದೇಹವಿಲ್ಲ. ಆದರೆ ಒಳಗೆಲ್ಲ ಪ್ಲಾಸ್ಟಿಕ್ ತಾಡಪಾಲು. ಅಲ್ಲಿ ಕಪ್ಪೆಗೂ ಕಾಲೂರಲು ಜಾಗವಿಲ್ಲ.

ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಹೊಳೆಯಾಚೆಯ ಅಂಕಸಮುದ್ರವೂ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದವು. ಇರಾನಿನ ರಾಮ್ಸರ್ ಊರಲ್ಲಿ 1971ರ ಫೆಬ್ರವರಿ 2ರಂದು ಆದ ಒಪ್ಪಂದದಂತೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿ ಅದು. ಮಾಗಡಿ, ಅಂಕಸಮುದ್ರ ಎರಡೂ ಮನುಷ್ಯರು ಕಟ್ಟಿದ ಕೆರೆಗಳೇ. ದಂಡೆಯ ಹುಲ್ಲಿಗೆ ಇನ್ನೊಂದು ಉಪಯೋಗವೂ ಉಂಟು. ಜರ್ಮನಿಯಲ್ಲಿ ಕೇಟೆ ಸೈಡೆಲ್ ಎಂಬ ವಿಜ್ಞಾನಿ 1950ರ ದಶಕದಲ್ಲೇ ನೀರಹುಲ್ಲುಗಳಿಂದ ಹೊಲಸು ನೀರನ್ನು ಶುದ್ಧ ಮಾಡಬಹುದೆಂದು ಪ್ರಯೋಗ ಆರಂಭಿಸಿದರು. ಅಲ್ಲಿಂದ ಹರಡಿದ ವಿದ್ಯೆಯಲ್ಲಿ ಇಂದು ಆಪಿಗೆ ಮೇಲಿನ ಸ್ಥಾನ. ಊರ ಗಟಾರ ಕೆರೆಗೆ ಸೇರುವ ಬಾಯಿಯಲ್ಲಿ ಒಂದು ಪಟ್ಟಿ ಆಪು ನಿಲ್ಲಿಸಿ, ವರ್ಷ ವರ್ಷ ಕೊಯ್ದು ಹೊರಗೆ ಸಾಗಿಸಿದರೆ ನೀರಿನ ಗೊಬ್ಬರದಂಶವೂ ಅದರೊಂದಿಗೆ ಹೊರಗೆ ಹೋಗುತ್ತದೆ. ಕೊಯ್ಯದೆ ಬಿಟ್ಟರೆ ಅಲ್ಲೇ ಕೊಳೆತು ಮತ್ತೆ ಹೂಳು.

ಬೆಳೆಸುವುದು ಕಷ್ಟವಲ್ಲ. ನಾನು ಮಾಡುವ ಕ್ರಮ ಹೇಳುತ್ತೇನೆ. ರೋಹಿಣಿ ಮಳೆ ಬಿದ್ದು ಕಟ್ಟೆಗೆ ಮೊದಲ ನೀರು ಬರುವ ಹೊತ್ತಿಗೆ, ಬಸಿಗಾಲುವೆಯಿಂದ ಹೇಗೂ ಕಿತ್ತೆಸೆಯುವ ಆಪಿನ ಗಡ್ಡೆ ತರುತ್ತೇನೆ. ಗೇಣುದ್ದದ ತುಂಡು, ಒಂದಾದರೂ ಬಿಳಿ ಮೊಳಕೆ ಇರಬೇಕು. ಎಲೆಯನ್ನು ಅರ್ಧಕ್ಕೆ ಕತ್ತರಿಸಬೇಕು, ಆದರೆ ಕತ್ತರಿಸಿದ ತುದಿ ನೀರಿನ ಮೇಲೇ ಇರಬೇಕು. ದಂಡೆ ಮೊದಲೇ ಇಳಿಜಾರು ಮಾಡಿರಬೇಕು. ಒಂದೂವರೆ ಎರಡು ಮೊಳಕ್ಕೊಂದು, ಮಣಿಕಟ್ಟಿನಷ್ಟು ನೀರಲ್ಲಿ ಊರುತ್ತೇನೆ. ದನ ಎಳೆ ಚಿಗುರು ಬಿಡುವುದಿಲ್ಲ, ಆದ್ದರಿಂದ ಮೊದಲ ಮಳೆಗಾಲ ಮುಳ್ಳುಬೇಲಿ. ದನ ನೀರಿಗಿಳಿಯಲು ಒಂದು ಕಡೆ ದಾರಿ ಬಿಟ್ಟೇ ಇರಬೇಕು, ಅದು ಅವುಗಳ ಕಟ್ಟೆ. ಆಪಿನ ಹಿಂದೆ ದಡದ ಮೇಲೆ ಲಕ್ಕಿ, ಹೊಂಗೆ, ನೇರಳೆ. ಎರಡನೆಯ ವರ್ಷದಿಂದ ದೀಪಾವಳಿ ಕಳೆದು ಎಳ್ಳಮವಾಸ್ಯೆಯೊಳಗೆ ಕೊಯ್ಲು, ಅರ್ಧ ದಂಡೆ ಈ ವರ್ಷ, ಅರ್ಧ ಮುಂದಿನ ವರ್ಷ, ಹಕ್ಕಿಗಳಿಗೆ ಯಾವಾಗಲೂ ಒಂದು ಕಡೆ ಮರೆ ಉಳಿಯುವಂತೆ. ಹದ್ದು ಮೀರಿ ನಡುವಿಗೆ ಹೋದದ್ದನ್ನು ನೀರೊಳಗೆ ಕೊಯ್ಯುತ್ತೇನೆ. ಕೊಯ್ಯುವ ಕೈಯಿಲ್ಲದ ಊರಿನವರು ಆಪು ನೆಡಬೇಡಿ ಎಂದೇ ನಾನು ಹೇಳುವುದು. ಅಂಥವರು ಜೇಕು, ಲಕ್ಕಿಯಲ್ಲಿ ತೃಪ್ತರಾಗಲಿ.

ಕೊಯ್ದದ್ದು ಏನಾಗಬೇಕು ಎಂಬುದೇ ಕೊನೆಗೆ ಉಳಿಯುವ ಪ್ರಶ್ನೆ. ಆನೆಗುಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟ್ ಬಾಳೆಯ ನಾರಿನಿಂದ ಚೀಲ, ಬುಟ್ಟಿ ಹೆಣೆಯುವ ಕೆಲಸವನ್ನು ಹೆಂಗಸರಿಗೆ ಕಲಿಸಿ ಮಾರುಕಟ್ಟೆ ಹುಡುಕಿಕೊಟ್ಟಿದೆ. ಎಸೆಯುತ್ತಿದ್ದ ಬಾಳೆಯ ಬೊಡ್ಡೆಗೆ ಬಂದ ಬೆಲೆ ಆಪಿಗೂ ಬರಬಲ್ಲದು. ಅಂಚು ಮಡಚಲು ಬಲ್ಲ ಮುದುಕಿಯರು ಕುಷ್ಟಗಿ ಕಡೆ ಇನ್ನೂ ಕೆಲವರಿದ್ದಾರೆ. ಅವರಿರುವಾಗಲೇ ಹುಡುಗಿಯರನ್ನು ಅವರ ಮುಂದೆ ಕೂಡಿಸಬೇಕು.

ನಿಮ್ಮೂರ ಕೆರೆಗೆ ಹಿಟಾಚಿ ಬರುವ ದಿನ ಪಂಚಾಯಿತಿಯವರಿಗೆ ಎರಡು ಮಾತು ಹೇಳಿ: ದಂಡೆಯನ್ನು ಇಳಿಜಾರು ಬಿಡಲಿ, ಹಳೆಯ ಆಪಿನ ಒಂದು ಪಟ್ಟಿಯನ್ನು ಮುಟ್ಟದೆ ಬಿಡಲಿ, ನಾಟಿಗೆ ಗಡ್ಡೆ ಅಲ್ಲಿಂದಲೇ ಸಿಗುತ್ತದೆ. ಪೂರ್ತಿ ಕಿತ್ತುಹೋಗಿದ್ದರೆ ಮೃಗಶಿರ ಮಳೆಯೊಳಗೆ ನಮ್ಮ ಗೋಕಟ್ಟೆಗೆ ಬನ್ನಿ, ಗಡ್ಡೆ ಕೊಡುತ್ತೇನೆ. ಬರುವಾಗ ಒದ್ದೆ ಗೋಣಿಚೀಲ ತನ್ನಿ. ದಾರಿಯಲ್ಲಿ ಗಡ್ಡೆ ಒಣಗಬಾರದು.